ಲೂಪ್ ಡಿಟೆಕ್ಟರ್ ಅಂದ್ರೆ ತಕ್ಕಡಿ ಅಲ್ಲ ರೀ

ಕ್ಯಾಲಿಫೋರ್ನಿಯಾ ಕಡೆ ಎಷ್ಟೋ ಸಿಗ್ನಲ್ ಗಾಡಿ ಬಂದಿದ್ದು ಗೊತ್ತಾದ್ರೇನೇ ಗ್ರೀನ್ ಆಗೋದು. ಅಲ್ಲಿರೋ ನಮ್ಮೋರು ಸೈಕಲ್ ತಗೊಂಡ್ರೆ ಮೊದಲ್ನೇ ದೂರು ಇದೇ, "ಸಿಗ್ನಲ್ ಗ್ರೀನೇ ಆಗಲ್ಲ ಮಾರಾಯ, ಸೈಕಲ್ ತೂಕ ಸಾಲಲ್ಲ, ವೇಯ್ಟ್ ಸೆನ್ಸರ್ ಅಲ್ವಾ". ಅಲ್ಲ, ಅಲ್ಲವೇ ಅಲ್ಲ. ಸ್ಟಾಪ್ ಲೈನ್ ಹಿಂದೆ ರಸ್ತೆ ಕೊರೆದು ಕಪ್ಪಗೆ ಮುಚ್ಚಿರೋ ಚೌಕದ ಗೆರೆ ಇರತ್ತಲ್ಲ, ಅದರೊಳಗಿರೋದು ನಾಲ್ಕಾರು ಸುತ್ತು ತಂತಿ ಅಷ್ಟೇ, ಅದೇ ಲೂಪ್. ಆನೆ ಬಂದು ನಿಂತ್ರೂ ಅದಕ್ಕೆ ಗೊತ್ತಾಗಲ್ಲ.

ತೂಕದ ಕಥೆ ಪೂರ್ತಿ ಕಟ್ಟುಕಥೆ ಏನಲ್ಲ. 1928ರಲ್ಲಿ ಬಾಲ್ಟಿಮೋರ್‌ನಲ್ಲಿ ಚಾರ್ಲ್ಸ್ ಆಡ್ಲರ್ ಅನ್ನೋ ಎಂಜಿನಿಯರ್ ಗಾಡಿ ಬಂದಿದ್ದು ತಿಳಿಯೋಕೆ ಹಾರ್ನ್ ಹೊಡೆದ್ರೆ ಬದಲಾಗೋ ಸಿಗ್ನಲ್ ಹಾಕಿದ್ದ (ನಮ್ಮೂರಿಗೆ ಬರ್ಲಿಲ್ಲ, ಪುಣ್ಯ), ಅದೇ ಕಾಲಕ್ಕೆ ಚಕ್ರ ಹತ್ತಿದ್ರೆ ಒತ್ತಿಕೊಳ್ಳೋ ಪ್ಲೇಟುಗಳೂ ಬಂದ್ವು, ದಶಕಗಟ್ಟಲೆ ಅವೇ ನಡೆದ್ವು. 1960ರ ದಶಕದಲ್ಲಿ ಲೂಪ್ ಬಂತು, ಪ್ಲೇಟ್ ಹೋಯ್ತು, ತೂಕದ ಮಾತು ಮಾತ್ರ ಉಳೀತು.

ಇನ್ನೊಂದು ಗುಂಪು ಮ್ಯಾಗ್ನೆಟ್ ಗುಂಪು, ಬೈಕ್ ಅಡಿಗೆ ಮ್ಯಾಗ್ನೆಟ್ ಅಂಟಿಸಿದ್ರೆ ಆಗತ್ತೆ ಅಂತಾರೆ, ಅದನ್ನ ಮಾರೋರೂ ಇದಾರೆ. ದುಡ್ಡು ದಂಡ. ತಂತೀಲಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸೋ ಕರೆಂಟ್ ಹರೀತಿರತ್ತೆ, ಮೇಲೆ ಲೋಹ ಬಂದ್ರೆ ಆ ಲೋಹದೊಳಗೂ ಸುಳಿ ಕರೆಂಟ್ ಹುಟ್ಟಿ ತಂತಿಯ ಕಾಂತಕ್ಷೇತ್ರಕ್ಕೆ ಎದುರು ನಿಲ್ಲತ್ತೆ, ಲೂಪ್‌ನ ಇಂಡಕ್ಟೆನ್ಸ್ (ಕರೆಂಟ್ ಬದಲಾವಣೆಗೆ ತಂತಿ ಸುರುಳಿ ಒಡ್ಡೋ ತಡೆ) ಇಳಿಯತ್ತೆ, ರಸ್ತೆ ಮೂಲೇಲಿರೋ ಸಿಗ್ನಲ್ ಕಂಟ್ರೋಲ್ ಪೆಟ್ಟಿಗೆ ಅದನ್ನ ಗಾಡಿ ಅಂತ ಲೆಕ್ಕ ಹಾಕತ್ತೆ. ಕಬ್ಬಿಣವೇ ಬೇಕು ಅಂತಿಲ್ಲ, ಅಲ್ಯುಮಿನಿಯಂ ರಿಮ್ ಚೆನ್ನಾಗೇ ಪತ್ತೆ ಆಗತ್ತೆ. ಕಾರ್ಬನ್ ರಿಮ್ ಹಾಕಿ ಶೋಕಿ ಮಾಡೋರು ಮಾತ್ರ ಕೆಂಪಲ್ಲೇ ಕಾಯ್ತಿರ್ಬೇಕು.

ಎಲ್ಲಿ ನಿಲ್ತೀರಿ ಅನ್ನೋದೇ ಮುಖ್ಯ. ಚೌಕದ ನಡುವೆ ನೀಟಾಗಿ ನಿಂತ್ರೆ ಅಲ್ಲಿ ಕಾಂತಕ್ಷೇತ್ರ ನೆಟ್ಟಗೆ ಮೇಲಕ್ಕೆ ಹೋಗತ್ತೆ, ನಿಂತಿರೋ ರಿಮ್ ಒಳಗೆ ಹಾಯೋದೇ ಇಲ್ಲ. ಪಕ್ಕದ ಗೆರೆ ಮೇಲೆ ಎರಡೂ ಚಕ್ರ ಉದ್ದಕ್ಕೆ ಇಡಿ, ಅಲ್ಲಿ ಕ್ಷೇತ್ರ ಅಡ್ಡಡ್ಡ ರಿಮ್ ಒಳಗಿಂದಲೇ ಹೋಗತ್ತೆ. ಎರಡು ಚೌಕ ಅಂಟಿಕೊಂಡಿದ್ರೆ ನಡುವಿನ ಗೆರೆ. ಚೌಕದೊಳಗೆ ಓರೆ ಗೆರೆ ಇರೋ ಲೂಪ್ (ಡಿ ಟೈಪ್ ಅಂತಾರೆ) ಆದ್ರೆ ಇಷ್ಟೆಲ್ಲ ತಲೆಬಿಸಿ ಇಲ್ಲ. ಸೈಕಲ್ ಸವಾರನ ಬಿಳಿ ಗುರುತು ಬಳಿದಿದ್ರೆ ಅಲ್ಲೇ ನಿಲ್ಲಿ, ಬಳಿದಿರೋದೇ ಅದಕ್ಕೆ.

ಇಷ್ಟಾದ್ರೂ ಆಗ್ಲಿಲ್ಲ ಅಂದ್ರೆ ಸೆನ್ಸಿಟಿವಿಟಿ ಕಮ್ಮಿ ಇಟ್ಟಿದಾರೆ ಅಂತ, ಸಿಟಿಯೋರಿಗೆ ದೂರು ಕೊಡಿ. ಹೊಸದಾಗಿ ಹಾಕೋ ಇಂಥ ಸಿಗ್ನಲ್ ಸೈಕಲ್ಲನ್ನೂ ಗುರುತು ಹಿಡೀಬೇಕು ಅಂತ ಅಲ್ಲಿ 2008ರಿಂದ ಕಾನೂನೇ ಇದೆ. ಬೆಂಗಳೂರಿನ ಹೊಸ ಅಡಾಪ್ಟಿವ್ (ಗಾಡಿ ದಟ್ಟಣೆ ನೋಡಿ ಸಮಯ ಬದಲಿಸೋ) ಸಿಗ್ನಲ್‌ದು ಬೇರೆ ಜಾತಿ, ಕ್ಯಾಮೆರಾದ್ದು, ಅಲ್ಲಿ ಗೆರೆ ಹುಡುಕ್ತಾ ನಿಲ್ಬೇಡಿ.