ಕೆರೆಗೆ ಉಸಿರುಗಟ್ಟುವ ಹೊತ್ತು

"ಸಾರ್, ಯಾರೋ ಕೆರೆಗೆ ವಿಷ ಹಾಕ್ಬಿಟ್ಟಿದಾರೆ. ಮೀನೆಲ್ಲ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಿವೆ. ಬೇಗ ಬನ್ನಿ."

ಮಾರ್ಚ್‌ನಿಂದ ಜೂನ್‌ವರೆಗೆ ಬೆಳಗ್ಗೆ ಆರೂವರೆಗೆ ನನ್ನ ಫೋನು ಹೊಡೆದುಕೊಂಡರೆ ಬಹುಪಾಲು ಇದೇ ಸುದ್ದಿ. ನೀರಿನ ಪರೀಕ್ಷೆ ನನ್ನ ಕೆಲಸ. ಬೆಂಗಳೂರು ಮತ್ತು ಸುತ್ತಮುತ್ತಲಿನ ಕೆರೆ ಏರಿಗಳ ಮೇಲೆ ಇಪ್ಪತ್ತು ವರ್ಷದಿಂದ ಬಾಟಲಿ ಹಿಡಿದು ಓಡಾಡುತ್ತಿದ್ದೇನೆ. ನಾನು ಹೋಗುವ ಹೊತ್ತಿಗೆ ಏರಿ ಮೇಲೆ ಜನ ಸೇರಿರುತ್ತಾರೆ. ಆರೋಪಿಯೂ ರೆಡಿ. ಒಂದೋ ಪಕ್ಕದ ಫ್ಯಾಕ್ಟರಿ, ಇಲ್ಲವೇ ಈ ಸಲ ಟೆಂಡರ್ ಸಿಗದ ಇನ್ನೊಬ್ಬ ಮೀನು ಗುತ್ತಿಗೆದಾರ.

ವಿಷ ಹಾಕುವವರೇ ಇಲ್ಲ ಎಂದು ಹೇಳಲಾರೆ. ಆದರೆ ನಾನು ನೋಡಿದ ಹೆಚ್ಚಿನ ಕಡೆ ಮೀನು ಸತ್ತದ್ದು ಉಸಿರುಗಟ್ಟಿ.

ಬಾಟಲಿ ತೆರೆಯುವ ಮುಂಚೆ ನಾನು ಸತ್ತ ಮೀನಿನ ಸೈಜು ನೋಡುತ್ತೇನೆ. ವಿಷವಾದರೆ ಮರಿ, ದೊಡ್ಡದು ಎಂಬ ಭೇದವಿಲ್ಲ. ಹೊತ್ತಿನ ಲೆಕ್ಕವೂ ಇಲ್ಲ, ಮಟಮಟ ಮಧ್ಯಾಹ್ನವೂ ಸಾಯುತ್ತವೆ. ಉಸಿರುಗಟ್ಟಿದ್ದಾದರೆ ಮೊದಲು ಹೋಗುವುದು ದೊಡ್ಡವು. ಎರಡು, ಮೂರು ಕೆಜಿ ತೂಗುವ ಕಟ್ಲಾ, ರೋಹು. ಬಾಯಿ ಅಗಲ ತೆರೆದಿರುತ್ತದೆ, ಕಿವಿರು ಬಿಚ್ಚಿಕೊಂಡಿರುತ್ತದೆ. ಸಣ್ಣವು ಹೇಗೋ ಜೀವ ಹಿಡಿದುಕೊಳ್ಳುತ್ತವೆ. ಗಾಳಿಗೆ ತಾಗಿಕೊಂಡ ನೀರಿನ ತೆಳು ಪದರ ಇರುತ್ತದಲ್ಲ, ಒಂದೆರಡು ಮಿಲಿಮೀಟರ್, ಅಲ್ಲಿ ಬಾಯಿಟ್ಟು ಉಸಿರಾಡುತ್ತವೆ. ಜಿಲೇಬಿ ಮೀನು ಇದರಲ್ಲಿ ಪಳಗಿದ್ದು. ಕೊರವ ಮತ್ತು ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ ಮೇಲೆ ಬಂದು ನೇರ ಗಾಳಿಯನ್ನೇ ಕುಡಿಯುತ್ತವೆ. ಹಾಗಾಗಿ ಕಟ್ಲಾ ಸತ್ತು ಬಿದ್ದಿದ್ದು, ಕ್ಯಾಟ್‌ಫಿಶ್ ಆರಾಮಾಗಿ ಓಡಾಡಿಕೊಂಡಿದ್ದರೆ ನಾನು ಪೊಲೀಸರಿಗೆ ಸ್ವಲ್ಪ ತಡೆಯಿರಿ ಎನ್ನುತ್ತೇನೆ.

ಇನ್ನೊಂದು ಮಾತು. ಮೊದಲ ದಿನ ತೇಲಿದ ಮೀನು ಎಣಿಸಿ ನಷ್ಟದ ಲೆಕ್ಕ ಬರೆಯಬೇಡಿ. ಸತ್ತ ಮೀನು ಎಷ್ಟೋ ಸಲ ಮೊದಲು ಮುಳುಗುತ್ತದೆ. ಹೊಟ್ಟೆಯಲ್ಲಿ ಗ್ಯಾಸ್ ತುಂಬಿಕೊಂಡ ಮೇಲೆ ಮೇಲೇಳುತ್ತದೆ. "ನಿನ್ನೆ ಇಷ್ಟಿರಲಿಲ್ಲ, ಇವತ್ತೂ ವಿಷ ಹಾಕಿದಾರೆ" ಎಂಬ ಎರಡನೇ ಫೋನು ಬರುವುದು ಇದರಿಂದಲೇ.

ನೀರಿನಲ್ಲಿ ಆಮ್ಲಜನಕ ಎಷ್ಟು ಕಮ್ಮಿ ಅನ್ನುವುದು ನಮಗೆ ಅಂದಾಜಿಗೇ ಬರುವುದಿಲ್ಲ. ಬೆಂಗಳೂರಿನ ಎತ್ತರದಲ್ಲಿ ಒಂದು ಲೀಟರ್ ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಅದೇ ಗಾಳಿಗೆ ತಾಗಿ ನಿಂತ, 25 ಡಿಗ್ರಿ ಬಿಸಿಯ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ. ನೀರು ಬಿಸಿಯಾದಷ್ಟೂ ಇದು ಇಳಿಯುತ್ತದೆ. ಮೀನಿಗೆ ಮಾತ್ರ ಬಿಸಿ ನೀರಿನಲ್ಲಿ ಜಾಸ್ತಿ ಬೇಕು. ಗಾಳಿಯಿಂದ ಆಮ್ಲಜನಕ ನೀರೊಳಗೆ ಇಳಿಯುವುದೂ ಬಹಳ ನಿಧಾನ. ನಿಂತ ನೀರಿನಲ್ಲಿ ಅದು ಹರಡುವ ವೇಗ ಗಾಳಿಯಲ್ಲಿ ಹರಡುವ ವೇಗದ ಹತ್ತು ಸಾವಿರದಲ್ಲಿ ಒಂದು ಪಾಲು ಅಷ್ಟೆ. ಅಲೆ ಏಳಬೇಕು, ಗಾಳಿ ಬೀಸಬೇಕು, ನೀರು ಮಗುಚಬೇಕು. ಇಲ್ಲದಿದ್ದರೆ ತಳದ ನೀರಿಗೆ ಏನೂ ಮುಟ್ಟುವುದಿಲ್ಲ.

ಹಾಗಾದರೆ ಕೆರೆಗೆ ಹಗಲು ಆಮ್ಲಜನಕ ಎಲ್ಲಿಂದ ಬರುತ್ತದೆ? ಹೆಚ್ಚಿನದು ಪಾಚಿಯಿಂದ. ಕೊಳಚೆ ಬಂದು ಸೇರುವ ಕೆರೆ ಹಸಿರು ಪೇಂಟ್ ಕಲಸಿದ ಹಾಗೆ ಕಾಣುತ್ತದಲ್ಲ, ಆ ಹಸಿರೇ. ಬಿಸಿಲು ಬಿದ್ದರೆ ಅದು ಆಮ್ಲಜನಕ ಬಿಡುತ್ತದೆ, ಎಷ್ಟೆಂದರೆ ನೀರು ಹಿಡಿದಿಟ್ಟುಕೊಳ್ಳುವುದಕ್ಕಿಂತ ಜಾಸ್ತಿ. ಕತ್ತಲಾದ ಕೂಡಲೇ ಕೊಡುವುದು ನಿಂತಿತು. ಪಾಚಿಯೂ ಜೀವಿ ತಾನೇ, ಅದಕ್ಕೂ ಉಸಿರಾಡಬೇಕು. ರಾತ್ರಿಯಿಡೀ ಅದು ಎಳೆದುಕೊಳ್ಳುತ್ತದೆ, ಮೀನು ಎಳೆದುಕೊಳ್ಳುತ್ತದೆ, ಕೊಳಚೆಯನ್ನು ಕೊಳೆಸುವ ಬ್ಯಾಕ್ಟೀರಿಯಾ ಎಲ್ಲರಿಗಿಂತ ಜಾಸ್ತಿ ಎಳೆದುಕೊಳ್ಳುತ್ತದೆ. ಖರ್ಚು ಮಾತ್ರ, ಆದಾಯವಿಲ್ಲ. ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ ಖಾತೆ ಖಾಲಿ.

ನಾನೇ ಮಾಡಿದ ಒಂದು ಎಡವಟ್ಟು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಊರ ಹೊರಗಿನ ಒಂದು ಕೆರೆ. ಬೆಳಗ್ಗೆ ಆಫೀಸಿಗೆ ಹೋಗಿ, ಸಹಿ ಹಾಕಿ, ಜೀಪು ಸಿಕ್ಕಿ, ಕೆರೆ ತಲುಪಿದಾಗ ಹನ್ನೆರಡೂವರೆ. ಮೀಟರ್ ಲೀಟರಿಗೆ 13.6 ಮಿಲಿಗ್ರಾಂ ತೋರಿಸಿತು. ಖುಷಿಯಾಗಿ "ಆಮ್ಲಜನಕದ ಮಟ್ಟ ಉತ್ತಮವಾಗಿದೆ" ಎಂದು ಬರೆದುಕೊಟ್ಟೆ. ಐದನೇ ದಿನಕ್ಕೆ ಆ ಕೆರೆಯ ಕಟ್ಲಾ ಎಲ್ಲಾ ದಡದಲ್ಲಿತ್ತು. ಗುತ್ತಿಗೆ ಹಿಡಿದಿದ್ದ ಹಿರಿಯರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನೀವು ಊಟದ ಹೊತ್ತಿಗೆ ಬಂದು ನೋಡಿದ್ರೆ ಹೆಂಗೆ ಸಾರ್? ಮೂರು ದಿನದಿಂದ ಮೀನು ಗಾಳಿ ಕುಡೀತಾ ಇದ್ವು. ನಾಲ್ಕು ಗಂಟೆಗೆ ಬಂದಿದ್ರೆ ನಾನೇ ತೋರಿಸ್ತಿದ್ದೆ."

ಮಾರನೇ ದಿನ ಬೆಳಗಿನ ಜಾವ ನಾಲ್ಕೂವರೆಗೆ ಅವರ ಹರಿಗೋಲಿನಲ್ಲಿ ಕೂತೆ. ಕತ್ತಲು. ಗಾಳಿ ಒಂಚೂರೂ ಇಲ್ಲ. ಮಧ್ಯಕ್ಕೆ ಹೋದಾಗ ಸುತ್ತಲೂ ಸಣ್ಣಗೆ ಪಚ್ ಪಚ್ ಎಂಬ ಸದ್ದು. ಟಾರ್ಚ್ ಬಿಟ್ಟರೆ ನೀರಿನ ಮೇಲೆಲ್ಲಾ ಬಾಯಿಗಳು. ಉಳಿದ ಸಣ್ಣ ಮೀನುಗಳವು.

ನಮ್ಮಲ್ಲಿ ಮೀಟರ್ ಇದ್ದರೂ ಇಂಥ ಕಡೆ ನಾನು ಹಳೇ ವಿಧಾನವನ್ನೇ ನೆಚ್ಚುತ್ತೇನೆ. 1888ರಲ್ಲಿ ಹಂಗೇರಿಯ ವಿಂಕ್ಲರ್ ಕಂಡುಹಿಡಿದದ್ದು. 300 ಮಿಲಿ ಹಿಡಿಯುವ ಗಾಜಿನ ಬಾಟಲಿಗೆ ಒಂದು ಗುಳ್ಳೆಯೂ ಬಾರದಂತೆ ನೀರು ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್ 2 ಮಿಲಿ, ಕ್ಷಾರ ಬೆರೆಸಿದ ಅಯೋಡೈಡ್ ದ್ರಾವಣ 2 ಮಿಲಿ. ಮುಚ್ಚಳ ಹಾಕಿ ಮೆಲ್ಲಗೆ ತಿರುಗಿಸಬೇಕು. ಆಮ್ಲಜನಕ ಇದ್ದರೆ ಒಳಗೆ ಕಂದು ಬಣ್ಣದ ಗಸಿ ಕಟ್ಟುತ್ತದೆ. ಇಲ್ಲದಿದ್ದರೆ ಬಿಳಿ. ಎಷ್ಟಿದೆ ಅನ್ನುವುದನ್ನು ಆಮೇಲೆ ಲ್ಯಾಬಿನಲ್ಲಿ ಅಳೆಯುತ್ತೇವೆ, ಆದರೆ ಇದೆಯೋ ಇಲ್ಲವೋ ಅನ್ನುವುದು ಹರಿಗೋಲಿನಲ್ಲೇ ಗೊತ್ತಾಗುತ್ತದೆ. ಅವತ್ತು ಬಾಟಲಿಯಲ್ಲಿ ಬಂದದ್ದು ಒಡೆದ ಹಾಲಿನಂಥ ಬಿಳಿ. ಅಪ್ಪಟ ಬಿಳಿ. ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಅಲ್ಲಿಗೇ ಹೋಗಿ ಇನ್ನೊಂದು ಬಾಟಲಿ ತುಂಬಿದೆ. ಜೋನಿಬೆಲ್ಲದ ಬಣ್ಣ. ಒಂದೇ ಜಾಗ, ಒಂದೇ ನೀರು, ನಡುವೆ ಎಂಟೂವರೆ ಗಂಟೆ. ಎರಡೂ ಬಾಟಲಿ ಅಕ್ಕಪಕ್ಕ ಇಟ್ಟು ತೋರಿಸಿದಾಗ ಆ ಹಿರಿಯರು "ಇದಕ್ಕೆ ಬಾಟ್ಲಿ ಬೇಕಿತ್ತಾ ಸಾರ್?" ಎಂದರು.

ಅಲ್ಲಿಂದೀಚೆಗೆ ಯಾರಾದರೂ ಕೆರೆಯ ರಿಪೋರ್ಟ್ ಕೈಗೆ ಕೊಟ್ಟರೆ ನಾನು ಮೊದಲು ನೋಡುವುದು ಸ್ಯಾಂಪಲ್ ತೆಗೆದ ಟೈಮು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನು ಬದುಕುವ ನೀರಿಗೆ "ಡಿ" ದರ್ಜೆ, ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು. ನಿಯಮ ಸರಿಯಾಗೇ ಇದೆ. ಆದರೆ ಹನ್ನೊಂದು ಗಂಟೆಗೆ ಅಳೆದ 9 ಮಿಲಿಗ್ರಾಂ, ಆ ಕೆರೆಯಲ್ಲಿ ಬೆಳಗಿನ ಜಾವವೂ 4 ಮಿಲಿಗ್ರಾಂಗಿಂತ ಜಾಸ್ತಿ ಇತ್ತು ಎಂದು ಹೇಳುವುದಿಲ್ಲ. ಹಸಿರು ಕೆರೆಯಲ್ಲಿ ಮಧ್ಯಾಹ್ನ 15, 16 ಕಂಡರೆ ನನಗೆ ಗಾಬರಿಯೇ ಆಗುತ್ತದೆ. ಅಷ್ಟು ಕೊಡುವ ಪಾಚಿ ರಾತ್ರಿ ಎಷ್ಟು ಕಿತ್ತುಕೊಳ್ಳಬಹುದು, ಅಲ್ವಾ?

ಮೀನು ಹೆಚ್ಚು ಸಾಯುವುದು ಬೇಸಿಗೆಯಲ್ಲಿ, ಅದರಲ್ಲೂ ಮೊದಲ ಮಳೆಯ ಮರುದಿನ. ಜನಕ್ಕೆ ಇದು ವಿಚಿತ್ರ ಅನ್ನಿಸುತ್ತದೆ. ಮಳೆ ಬಂದರೆ ಕೆರೆಗೆ ಒಳ್ಳೇದಲ್ವಾ? ಆದರೆ ಆ ಮೊದಲ ಮಳೆ ರಾಜಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತ ಕೊಳಚೆ, ರಸ್ತೆಯ ಕಸ ಎಲ್ಲವನ್ನೂ ಒಂದೇ ಏಟಿಗೆ ಕೆರೆಗೆ ತಳ್ಳುತ್ತದೆ. ಕೊಳೆಸಲು ಬ್ಯಾಕ್ಟೀರಿಯಾಗಳಿಗೆ ಹಬ್ಬ. ಮೇಲಿನ ನೀರು ಗಕ್ಕನೆ ತಣ್ಣಗಾಗಿ ಕೆಳಗಿಳಿಯುತ್ತದೆ, ತಳದ ಉಸಿರಿಲ್ಲದ ಕಪ್ಪು ನೀರು ಮೇಲೇಳುತ್ತದೆ. ಮೋಡ ಮುಚ್ಚಿದ್ದರೆ ಪಾಚಿಯ ಹಗಲಿನ ದುಡಿಮೆಯೂ ಅರ್ಧ. ಎರಡು ದಿನ ಮೋಡ, ಗಾಳಿಯಿಲ್ಲದ ರಾತ್ರಿ, ಬೆಚ್ಚನೆಯ ನೀರು: ಈ ಮೂರೂ ಕೂಡಿದರೆ ಮಳೆ ಬರದಿದ್ದರೂ ಸಾಕು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನು ರಾಶಿ ರಾಶಿ ಸತ್ತು ತೇಲಿದ್ದು ಬಿಸಿಲು ಏರುತ್ತಿದ್ದ ದಿನಗಳಲ್ಲೇ. ಊರ ನಡುವಿನ ಕೆರೆಯಾದ್ದರಿಂದ ಅದು ಎಲ್ಲರಿಗೂ ಗೊತ್ತಾಯಿತು. ಹೊರವಲಯದ ಕೆರೆಗಳಲ್ಲಿ ಸತ್ತದ್ದು ಹದ್ದುಗಳಿಗೆ ಮಾತ್ರ ಗೊತ್ತು.

ಮೀನು ಸತ್ತ ಕೂಡಲೇ ಯಾರಾದರೂ ಒಬ್ಬರು ಸುಣ್ಣದ ಮೂಟೆ ತರಿಸುತ್ತಾರೆ. ದಯವಿಟ್ಟು ಸುಮ್ನೆ ಸುರಿಯಬೇಡಿ. ಕೊಳಚೆ ಕೆರೆಯಲ್ಲಿ ಅಮೋನಿಯ ಇದ್ದೇ ಇರುತ್ತದೆ. ಅದರಲ್ಲಿ ಮೀನಿಗೆ ವಿಷವಾಗುವ ರೂಪದ ಪಾಲು ಎಷ್ಟು ಅನ್ನುವುದು ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆಯ ಮೇಲಿದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ನೂರು ಪಾಲಿನಲ್ಲಿ ಒಂದು ಪಾಲೂ ಇಲ್ಲ, ಸುಮಾರು 0.6 ಅಷ್ಟೆ, 8ಕ್ಕೆ ಸುಮಾರು 5, 9ಕ್ಕೆ 36ರ ಹತ್ತಿರ. ಸುಣ್ಣ ಪಿಎಚ್ ಏರಿಸುತ್ತದೆ. ಉಸಿರುಗಟ್ಟಿ ಅರೆಜೀವವಾದ ಮೀನಿಗೆ ಆಗ ನಿಜವಾಗಿಯೂ ವಿಷ ಹಾಕಿದ ಹಾಗಾಗುತ್ತದೆ. ನಾವೇ ಹಾಕಿದ್ದು.

ನಮ್ಮ ಕೆರೆಗಳು ಮೊದಲು ಹೀಗಿರಲಿಲ್ಲ ಎಂದು ಹಳಬರು ಹೇಳುತ್ತಾರೆ. ಅದು ಬರೀ ಹಳೇ ಕಾಲದ ಹಂಬಲ ಅಲ್ಲ. ಆಗಿನ ಕೆರೆ ಬತ್ತುತ್ತಿತ್ತು. ನೀರಗಂಟಿ ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದ, ಬೇಸಿಗೆಗೆ ಕೆರೆ ಅಂಗಳ ಒಣಗಿ ಬಿರುಕು ಬಿಡುತ್ತಿತ್ತು. ಹೂಳಿಗೆ ಗಾಳಿ, ಬಿಸಿಲು ತಾಗುತ್ತಿತ್ತು. ರೈತರು ಗಾಡಿ ಕಟ್ಟಿ ಕೆರೆಗೋಡು ಹೊಲಕ್ಕೆ ಹೊಡೆಯುತ್ತಿದ್ದರು. ಅಂದರೆ ವರ್ಷಕ್ಕೊಮ್ಮೆ ಕೆರೆಯ ತಳದ ಗೊಬ್ಬರವೆಲ್ಲ ಹೊರಗೆ. ಈಗ ಕೊಳಚೆ ನೀರು ವರ್ಷವಿಡೀ ಬರುವುದರಿಂದ ಎಷ್ಟೋ ಕೆರೆಗಳು ಬತ್ತುವುದೇ ಇಲ್ಲ. ನೋಡುವವರಿಗೆ ಸದಾ ತುಂಬಿದ ಕೆರೆ. ತಳದಲ್ಲಿ ವರ್ಷದ ಮೇಲೆ ವರ್ಷ ಕಪ್ಪು ಹೂಳು.

ಆ ಹೂಳಿನ ಕೆಲಸ ಸ್ವಲ್ಪ ಬಿಡಿಸಿ ಹೇಳಬೇಕು. ಪಾಚಿ ಉಕ್ಕುವುದು ಮುಖ್ಯವಾಗಿ ರಂಜಕದಿಂದ. ಕೆನಡಾದ ಒಂಟಾರಿಯೋದಲ್ಲಿ 226 ಎಂಬ ನಂಬರಿನ ಒಂದು ಕೆರೆಯಿದೆ. 1973ರಲ್ಲಿ ವಿಜ್ಞಾನಿಗಳು ಅದರ ನಡುವೆ ಪರದೆ ಕಟ್ಟಿ, ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ, ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಹಸಿರಾಯಿತು, ಪಕ್ಕದ್ದು ಆಗಲಿಲ್ಲ. ನಮ್ಮ ಕೆರೆಗಳಿಗೆ ರಂಜಕ ಬರುವುದು ಶೌಚದಿಂದ, ಸೋಪಿನ ಪುಡಿಯಿಂದ. ಬಂದದ್ದರಲ್ಲಿ ಒಂದಷ್ಟನ್ನು ಹೂಳಿನ ಕಬ್ಬಿಣ ಹಿಡಿದಿಟ್ಟುಕೊಳ್ಳುತ್ತದೆ. ತಳದಲ್ಲಿ ಆಮ್ಲಜನಕ ಮುಗಿದ ಕೂಡಲೇ ಕಬ್ಬಿಣದ ಹಿಡಿತ ಸಡಿಲಾಗಿ ರಂಜಕ ಮತ್ತೆ ನೀರಿಗೆ ಬಿಡುಗಡೆ. ಅದರಿಂದ ಇನ್ನಷ್ಟು ಪಾಚಿ, ಮತ್ತಷ್ಟು ಉಸಿರಿಲ್ಲದ ರಾತ್ರಿ. "ಕೊಳಚೆ ಪೈಪು ಬಂದ್ ಮಾಡಿ ಎರಡು ವರ್ಷ ಆಯ್ತು, ಇನ್ನೂ ಹಸಿರೇ ಇದೆಯಲ್ಲ" ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಬಡ್ಡಿ ಕಟ್ಟುವುದು ನಿಂತರೂ ಅಸಲು ತಳದಲ್ಲಿದೆ.

ಶುದ್ಧೀಕರಣ ಘಟಕ ಇದ್ದರೆ ಎಲ್ಲ ಸರಿಹೋಯಿತು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಎರಡನೇ ಹಂತದವರೆಗೆ ಶುದ್ಧವಾದ ನೀರು ನೋಡಲು ತಿಳಿಯಾಗಿದ್ದರೂ ರಂಜಕ, ಸಾರಜನಕ ಬೇಕಾದಷ್ಟು ಉಳಿದಿರುತ್ತದೆ. ಜಕ್ಕೂರು ಕೆರೆಯ ವ್ಯವಸ್ಥೆ ನನಗೆ ಇಷ್ಟವಾಗುವುದು ಈ ಕಾರಣಕ್ಕೆ. ಅಲ್ಲಿ ಘಟಕದಿಂದ ಬಂದ ನೀರು ನೇರ ಕೆರೆಗೆ ಬೀಳುವುದಿಲ್ಲ, ಮೊದಲು ಜೊಂಡು ಬೆಳೆದ ಜೌಗಿನಲ್ಲಿ ನಿಧಾನಕ್ಕೆ ಸಾಗಿ ಬರುತ್ತದೆ. ಉಳಿದ ಗೊಬ್ಬರದಲ್ಲಿ ಒಂದು ಪಾಲನ್ನು ಜೊಂಡು ತಿನ್ನುತ್ತದೆ. ಆದರೆ ಆ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸಬೇಕು. ಅಲ್ಲೇ ಕೊಳೆಯಲು ಬಿಟ್ಟರೆ ತಿಂದದ್ದನ್ನೆಲ್ಲ ವಾಪಸ್ ಕೊಡುತ್ತದೆ. ಅಂತರಗಂಗೆ ಕಿತ್ತು ದಡದಲ್ಲೇ ರಾಶಿ ಹಾಕುವವರಿಗೂ ಇದೇ ಮಾತು.

ಇನ್ನು ಕಾರಂಜಿಗಳ ವಿಷಯ. ಕೆರೆ ಅಭಿವೃದ್ಧಿ ಅಂದಕೂಡಲೇ ವಾಕಿಂಗ್ ಪಾತ್ ಆದ ಮೇಲೆ ಬರುವುದು ಕಾರಂಜಿ. ನೀರು ಚಿಮ್ಮಿ ಗಾಳಿ ಬೆರೆಯುತ್ತದೆ, ಒಳ್ಳೇದೇ. ನಮ್ಮ ಬಡಾವಣೆಯ ಕೆರೆಯಲ್ಲೂ ಎರಡಿವೆ. ಸಂಜೆ ಐದಕ್ಕೆ ಶುರು, ರಾತ್ರಿ ಒಂಬತ್ತಕ್ಕೆ ಬಂದ್. ಅಂದರೆ ವಾಕಿಂಗ್ ಬರುವ ನಮ್ಮ ಹೊತ್ತಿಗೆ ಓಡುತ್ತವೆ, ಕೆರೆಗೆ ಬೇಕಾದ ಹೊತ್ತಿಗೆ ನಿಲ್ಲುತ್ತವೆ. ಪಾಚಿ ಹೊಟ್ಟೆತುಂಬ ಆಮ್ಲಜನಕ ಬಿಟ್ಟ ಸಂಜೆಯಲ್ಲಿ ನೀರು ಚಿಮ್ಮಿಸಿದರೆ, ನೀರಿನಲ್ಲಿ ಹೆಚ್ಚಾಗಿದ್ದದ್ದು ಗಾಳಿಗೆ ಹೋಗುತ್ತದೆ ಬೇರೆ.

ಹೋದ ಏಪ್ರಿಲ್‌ನಲ್ಲಿ ಸಂಘದ ಮೀಟಿಂಗಿನಲ್ಲಿ ಇದನ್ನೆಲ್ಲ ಹೇಳಿ ಟೈಮರ್ ಬದಲಾಯಿಸಲು ಒಪ್ಪಿಸಿದೆ. ರಾತ್ರಿ ಹನ್ನೆರಡರಿಂದ ಬೆಳಗ್ಗೆ ಆರೂವರೆ. ನಾಲ್ಕನೇ ದಿನ ದಡದ ಮನೆಯ ಅಜ್ಜಿ ವಾಚ್‌ಮನ್‌ನನ್ನು ಕರೆದು, "ಏನಪ್ಪಾ, ರಾತ್ರಿಯೆಲ್ಲ ಯಾರಿಗೆ ಕಾರಂಜಿ ಆಡಿಸ್ತೀಯಾ? ನಿದ್ದೆ ಬರಲ್ಲ" ಎಂದು ಗದರಿದರು. ಅವನು ತೋರಿಸಿದ್ದು ನಮ್ಮ ಮನೆಯ ಕಡೆಗೆ. ಈಗ ಒಂದು ರಾಜಿಯಾಗಿದೆ. ಅಜ್ಜಿಯ ಮನೆ ಎದುರಿನದು ಬಂದ್, ಕೋಡಿ ಹತ್ತಿರದ್ದು ಚಾಲೂ. ಮೇ ತಿಂಗಳಲ್ಲಿ ಮೂರು ಸಲ ಬೆಳಗಿನ ಜಾವ ಬಾಟಲಿ ಹಿಡಿದು ಹೋಗಿದ್ದೆ. ಕೋಡಿ ಕಡೆಯ ಬಾಟಲಿ ತಿಳಿ ಕಂದು, ಅಜ್ಜಿ ಮನೆ ಕಡೆಯದು ಹೆಚ್ಚುಕಮ್ಮಿ ಬಿಳಿ. ದೊಡ್ಡ ಕಟ್ಲಾಗಳೆಲ್ಲ ಕೋಡಿ ಕಡೆಗೇ ಬಂದು ನಿಂತಿದ್ದವು.