ಮೊದಲ ರಾಜ, ಹೆಸರು ಮಾತ್ರ ‘ಎರಡನೇ’

ಬಿ.ಎ. ಮಕ್ಕಳಿಗೆ ಇಟಲಿಯ ಏಕೀಕರಣ, ಅಂದರೆ ಹಲವು ಸಣ್ಣ ರಾಜ್ಯಗಳು ಸೇರಿ ಒಂದು ದೇಶವಾದ ಪಾಠ ಮಾಡುವಾಗ ಮೊದಲು ಬೋರ್ಡ್ ಮೇಲೆ ಒಂದು ಸಾಲು ಬರೆಯುತ್ತೇನೆ: ‘ಎರಡನೇ ವಿಕ್ಟರ್ ಇಮ್ಯಾನುಯೆಲ್, ಇಟಲಿಯ ಮೊದಲ ರಾಜ, 1861’. ಬರೆದು ಸುಮ್ನೆ ನಿಲ್ಲುತ್ತೇನೆ. ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನಿಂದ ಬಂದೇ ಬರುತ್ತದೆ: “ಸರ್, ಮೊದಲ ರಾಜ ಅಂದ್ಮೇಲೆ ಎರಡನೇ ಯಾಕೆ?”

ಅರ್ಧ ಪಾಠ ಆ ಪ್ರಶ್ನೆಯಲ್ಲೇ ಇದೆ. ಆತ ಅದಕ್ಕೂ ಮುಂಚೆ ಉತ್ತರದ ಪೀಡ್ಮಾಂಟ್-ಸಾರ್ಡೀನಿಯಾ ರಾಜ್ಯದ ರಾಜ. ಆ ಮನೆತನದಲ್ಲಿ ಅದೇ ಹೆಸರಿನ ಇನ್ನೊಬ್ಬ ಆಗಿಹೋಗಿದ್ದ. 1861ರ ಮಾರ್ಚ್ 17ರಂದು ಹೊಸ ಇಟಲಿ ಘೋಷಣೆಯಾದರೂ ಹಳೇ ನಂಬರನ್ನೇ ಇಟ್ಟುಕೊಂಡ. ದಕ್ಷಿಣದ ಜನಕ್ಕೆ ಇದು ಹೇಗೆ ಕಂಡಿರಬೇಕು? ದೇಶ ಹುಟ್ಟಿದ ಹಾಗಲ್ಲ, ಉತ್ತರದವನು ಬೇಲಿ ಮುಂದಕ್ಕೆ ಸರಿಸಿದ ಹಾಗೆ.

ಗೈಡ್‌ಗಳಲ್ಲಿ ಏಕೀಕರಣದ ನಾಯಕರು ಮ್ಯಾಜಿನಿ, ಕವೂರ್, ಗ್ಯಾರಿಬಾಲ್ಡಿ ಅಂತ ಮೂರು ಹೆಸರು ಬಂದರೆ ಪಾಠ ಮುಗಿಯಿತು. ನನಗೆ ಅದರ ಮುಂದಿನ ಕತೆಯೇ ಜಾಸ್ತಿ ಇಷ್ಟ. ಆ ರಾಜನ ಪ್ರಧಾನಿ ಕವೂರನಿಗೇ ಇಟಾಲಿಯನ್‌ಗಿಂತ ಫ್ರೆಂಚ್ ಸಲೀಸು. ಸುಮಾರು 2.2 ಕೋಟಿ ಜನರಲ್ಲಿ ಓಟಿನ ಹಕ್ಕು ನೂರಕ್ಕೆ ಇಬ್ಬರಿಗೂ ಇರಲಿಲ್ಲ. ನಾಲ್ವರಲ್ಲಿ ಮೂವರಿಗೆ ಓದು ಬರಹ ಗೊತ್ತಿಲ್ಲ. ಇಟಾಲಿಯನ್ ಬಲ್ಲವರು ಎಷ್ಟು? ಭಾಷಾತಜ್ಞ ಟುಲ್ಲಿಯೊ ಡಿ ಮೌರೊ ಹಾಕಿದ ಲೆಕ್ಕ ನೂರಕ್ಕೆ ಎರಡೂವರೆ. ಬೇರೆಯವರು ಹತ್ತರ ತನಕ ಒಯ್ಯುತ್ತಾರೆ. ಹತ್ತೇ ಅಂದುಕೊಳ್ಳಿ. ಉಳಿದ ತೊಂಬತ್ತು ಮಂದಿ ಮನೆಯಲ್ಲಿ, ಸಂತೆಯಲ್ಲಿ ಸಿಸಿಲಿಯ ಮಾತೋ ನೇಪಲ್ಸಿನ ಮಾತೋ, ಹೀಗೆ ತಮ್ಮ ತಮ್ಮ ಸೀಮೆಯ ಮಾತು ಆಡಿಕೊಂಡಿದ್ದರು.

ಇಂಥವರನ್ನು ಇಟಾಲಿಯನ್ನರನ್ನಾಗಿ ಮಾಡಿದ್ದು ಬರೀ ಭಾಷಣವಲ್ಲ. ಮೊದಲು ಸೈನ್ಯ. ಸಿಸಿಲಿಯಲ್ಲಿ ಅಲ್ಲಿಯವರೆಗೆ ಕಡ್ಡಾಯ ಸೈನ್ಯ ಸೇವೆ ಇರಲಿಲ್ಲ. ಹೊಸ ಸರ್ಕಾರ ತಂದಿತು, ಎಷ್ಟೋ ಹುಡುಗರು ಗುಡ್ಡ ಹತ್ತಿ ತಲೆಮರೆಸಿಕೊಂಡರು. ಸಿಕ್ಕವರನ್ನು ಬೇಕೆಂದೇ ಊರಿಂದ ದೂರ ಹಾಕಿ, ಬೇರೆ ಬೇರೆ ಸೀಮೆಯವರನ್ನು ಒಂದೇ ರೆಜಿಮೆಂಟಿನಲ್ಲಿ ಬೆರೆಸಿದರು. ಊಟಕ್ಕೆ ಕೂತಾಗ ಪಕ್ಕದವನ ಹತ್ತಿರ ಉಪ್ಪು ಕೇಳಬೇಕೆಂದರೂ ಇಬ್ಬರದ್ದೂ ಅಲ್ಲದ ಒಂದು ಭಾಷೆ ಬೇಕು. ಇಟಾಲಿಯನ್ ಹಾಗೆ ನಾಲಿಗೆಗೆ ಹತ್ತಿತು.

1877ರಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಶಾಲೆ ಕಡ್ಡಾಯವಾಯಿತು. ಕಾಗದದ ಮೇಲೆ. ಆಮೇಲೆ ಮೊದಲ ಮಹಾಯುದ್ಧ. ಕೊನೆಗೆ 1954ರಲ್ಲಿ ಟಿವಿ ಬಂತು. 1960ರಿಂದ ಆಲ್ಬರ್ಟೊ ಮಾಂಜಿ ಅನ್ನುವ ಮೇಷ್ಟ್ರು ಟಿವಿಯಲ್ಲೇ ದೊಡ್ಡವರಿಗೆ ಅಕ್ಷರ ಕಲಿಸಿದರು. ಗಮನಿಸಿ, ದೇಶಕ್ಕೆ ಆಗ ನೂರು ವರ್ಷ ತುಂಬುತ್ತಿತ್ತು.

ಇಷ್ಟು ಹೇಳಿದ ಮೇಲೆ ಕ್ಲಾಸಿನಲ್ಲಿ ಒಬ್ಬರಾದರೂ ಕೇಳುತ್ತಾರೆ: “ನಮ್ಮದು ಹಾಗಲ್ಲ ಅಲ್ವಾ ಸರ್? ನಾವು ಮೊದಲಿಂದಲೂ ಕನ್ನಡಿಗರು.” ಭಾಷೆ ಮೊದಲಿಂದಲೂ ಇತ್ತು, ನಿಜ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ರಾಜ್ಯ ಬಂದಿದ್ದು 1956ರಲ್ಲಿ. ಇಟಲಿಗೆ ಸರ್ಕಾರ ಮೊದಲು, ಭಾಷೆ ಆಮೇಲೆ. ನಮ್ಮದು ಉಲ್ಟಾ. ಆದರೆ ನಡುವಿನ 66 ವರ್ಷ ಯಾಕೆ ಬೇಕಾಯಿತು? ಮುಂಬೈ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಅಂತ ಹಂಚಿಹೋದವರಿಗೆ ‘ನಾವೆಲ್ಲ ಒಂದು’ ಅಂತ ಆಲೂರು ವೆಂಕಟರಾಯರಂಥವರು ಮತ್ತೆ ಮತ್ತೆ ಹೇಳಬೇಕಾಯಿತು. ಹಳೇ ಮೈಸೂರಿನಲ್ಲಿ ವಿಲೀನ ಬೇಡ ಅಂದವರೂ ಕಮ್ಮಿಯಿರಲಿಲ್ಲ.

ಒಂದು ವರ್ಷ ಗದಗ ಕಡೆಯ ಒಬ್ಬ ಹುಡುಗಿ ತನ್ನ ಅಜ್ಜನ ಶಾಲೆ ಬಿಟ್ಟ ಸರ್ಟಿಫಿಕೇಟ್ ತಂದು ಮೇಜಿನ ಮೇಲಿಟ್ಟಳು. ಅರವತ್ತರ ದಶಕದ್ದು. ಮಡಿಕೆಯಲ್ಲಿ ಹರಿದು, ಸೆಲ್ಲೋಟೇಪ್ ಹಚ್ಚಿದ್ದು. ಜಿಲ್ಲೆ ಧಾರವಾಡ, ರಾಜ್ಯ ಮೈಸೂರು. “ಸರ್, ನಮ್ಮಜ್ಜ ಒಂದಿನಾನೂ ಮೈಸೂರು ನೋಡಿದವರಲ್ಲ,” ಅಂದಳು. ಹೊಸ ರಾಜ್ಯಕ್ಕೂ ಹಳೇ ಹೆಸರೇ ಇತ್ತು, 1973ರ ನವೆಂಬರ್ 1ರವರೆಗೆ. ಅವಳು ಬೋರ್ಡ್ ಕಡೆ ನೋಡಿದಳು. ‘ಎರಡನೇ’ ಅನ್ನುವುದನ್ನು ನಾನಿನ್ನೂ ಅಳಿಸಿರಲಿಲ್ಲ.