ಅಪ್‌ಡೇಟ್ ಆದ ಮೇಲೆ ಆ್ಯಪ್‌ಗಳು ಮೊದಲಿನಿಂದ ತೆರೆದುಕೊಳ್ಳುವುದೇಕೆ?

ಟ್ಯಾಬ್‌ಗೆ ಹೊಸ ಅಪ್‌ಡೇಟ್ ಹಾಕಿಕೊಂಡು ವಾರ ಕಳೆಯುವುದರೊಳಗೆ ಮಡಿಕೇರಿಯ ನಮ್ಮ ದುರಸ್ತಿ ಅಂಗಡಿಗೆ ಬರುವವರ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. "ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋಗಿ ವಾಪಸ್ ಬರೋದರೊಳಗೆ ಅದು ಮೊದಲಿಂದ ಶುರುವಾಗುತ್ತೆ ಸರ್, ಬರೆದಿದ್ದೆಲ್ಲ ಹೋಗಿರುತ್ತೆ" ಎನ್ನುತ್ತಾರೆ. ಕೆಲವರು ಬ್ಯಾಟರಿ ಬದಲಿಸಿಕೊಡಿ ಎಂದು ಕೇಳುತ್ತಾರೆ, ಇನ್ನು ಕೆಲವರು ಎಲ್ಲವನ್ನೂ ಅಳಿಸಿ ಫಾರ್ಮ್ಯಾಟ್ ಮಾಡಿಕೊಡಿ ಎನ್ನುತ್ತಾರೆ. ಬ್ಯಾಟರಿಗೂ ಈ ತೊಂದರೆಗೂ ಸಂಬಂಧವೇ ಇಲ್ಲ. ಫಾರ್ಮ್ಯಾಟ್‌ನಿಂದ ಸಿಗುವ ಪ್ರಯೋಜನ ಬಹಳ ಸಲ ನಾಲ್ಕು ದಿನದ್ದು. ಟ್ಯಾಬ್ ಕೆಟ್ಟಿರುವುದಿಲ್ಲ. ಅದರೊಳಗಿನ ಮೆಮೊರಿಯ ಹಂಚಿಕೆ ಬದಲಾಗಿರುತ್ತದೆ, ಮತ್ತು ಆ ಬದಲಾವಣೆಯ ಪೆಟ್ಟು ಸಿಗ್ನಲ್ ಸರಿಯಾಗಿ ಸಿಗದ ನಮ್ಮ ಜಿಲ್ಲೆಯಲ್ಲಿ ಪಟ್ಟಣದವರಿಗಿಂತ ಹೆಚ್ಚಾಗಿ ತಗಲುತ್ತದೆ.

ಮೊದಲು ಎರಡು ಬೇರೆ ಬೇರೆ ಸಂಗತಿಗಳನ್ನು ಬಿಡಿಸಿ ನೋಡಬೇಕು. ಡಬ್ಬದ ಮೇಲೆ 64 ಜಿಬಿ, 128 ಜಿಬಿ ಎಂದು ದೊಡ್ಡದಾಗಿ ಬರೆದಿರುವುದು ಸ್ಟೋರೇಜ್. 3 ಜಿಬಿ, 4 ಜಿಬಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವುದು, ಕೆಲವು ಕಂಪನಿಗಳು ಬರೆಯದೇ ಬಿಡುವುದು, ನಾನು ಇಲ್ಲಿ ಮೆಮೊರಿ ಎಂದು ಕರೆಯುತ್ತಿರುವುದು, ರ‍್ಯಾಮ್. ಕಾಫಿ ಬೆಳೆಗಾರರಿಗೆ ಹೇಳುವಾಗ ನಾನು ಸ್ಟೋರೇಜನ್ನು ಗೋದಾಮಿಗೂ ರ‍್ಯಾಮನ್ನು ಕಣಕ್ಕೂ ಹೋಲಿಸುತ್ತೇನೆ: ಗೋದಾಮಿನಲ್ಲಿ ಎಷ್ಟೇ ಜಾಗವಿದ್ದರೂ ಒಂದು ಸಲಕ್ಕೆ ಒಣಹಾಕಲು ಸಾಧ್ಯವಾಗುವುದು ಕಣ ಹಿಡಿಸುವಷ್ಟನ್ನು ಮಾತ್ರ, ಹೊಸ ಹಣ್ಣು ಬಂದು ಬಿದ್ದರೆ ಹಳೆಯ ರಾಶಿಯನ್ನು ಎತ್ತಲೇಬೇಕು. ಅಪ್‌ಡೇಟ್ ಎಷ್ಟೇ ದೊಡ್ಡದಾಗಿದ್ದರೂ ಈ ಕಣವನ್ನು ಒಂದು ಅಡಿಯೂ ಹಿಗ್ಗಿಸಲಾರದು, ಏಕೆಂದರೆ ರ‍್ಯಾಮ್ ಎಂಬುದು ಬೋರ್ಡಿಗೆ ಬೆಸೆದುಕೊಂಡಿರುವ ಚಿಪ್.

2020ರ ಸೆಪ್ಟೆಂಬರ್‌ನಲ್ಲಿ ಬಂದ 8ನೇ ತಲೆಮಾರಿನ ಐಪ್ಯಾಡನ್ನೇ ತೆಗೆದುಕೊಳ್ಳೋಣ. ಅದು ಬಂದದ್ದು ಐಪ್ಯಾಡನ್ನು ನಡೆಸುವ ಮೂಲ ಸಾಫ್ಟ್‌ವೇರ್ (ಸಿಸ್ಟಂ) ಆದ ಐಪ್ಯಾಡ್‌ಓಎಸ್ 14ರೊಂದಿಗೆ. 2025ರಲ್ಲಿ ಬಂದ ಐಪ್ಯಾಡ್‌ಓಎಸ್ 26 ಕೂಡ ಅದಕ್ಕೆ ಸಿಗುತ್ತದೆ. ಇಷ್ಟು ವರ್ಷ ಅಪ್‌ಡೇಟ್ ಕೊಡುವುದು ಮೆಚ್ಚಬೇಕಾದ ಸಂಗತಿಯೇ. ಆದರೆ ಅದರ ರ‍್ಯಾಮ್ ಅಂದೂ 3 ಜಿಬಿ, ಇಂದೂ 3 ಜಿಬಿ. ಈ ನಡುವೆ ಬಂದ, ಹೋಂ ಸ್ಕ್ರೀನಿನಲ್ಲಿ ಎಲ್ಲಿ ಬೇಕಾದರೂ ಇಡಬಹುದಾದ ವಿಜೆಟ್‌ಗಳು, ಹಲವು ಕಿಟಕಿಗಳ ವ್ಯವಸ್ಥೆ, ಚಿತ್ರದೊಳಗಿನ ಅಕ್ಷರವನ್ನು ಓದುವ ಸೌಲಭ್ಯ ಇವೆಲ್ಲಕ್ಕೂ ಜಾಗ ಸಿಗಬೇಕಾದದ್ದು ಆ ಮೂರು ಜಿಬಿಯೊಳಗೇ. ಪರದೆಯ ಲೆಕ್ಕವನ್ನಷ್ಟೇ ಹಾಕಿ ನೋಡಿ: ಆ ಐಪ್ಯಾಡಿನ ಪರದೆ ಉದ್ದಕ್ಕೆ 2160, ಅಗಲಕ್ಕೆ 1620 ಚುಕ್ಕೆಗಳದ್ದು, ಒಂದು ಚುಕ್ಕೆಗೆ 4 ಬೈಟ್ ಎಂದರೆ ಪರದೆಯ ತುಂಬ ಮೂಡುವ ಒಂದೇ ಒಂದು ಚಿತ್ರಪದರಕ್ಕೆ ಸುಮಾರು 14 ಎಂಬಿ ಬೇಕು. ಪಾರದರ್ಶಕ ಪಟ್ಟಿಗಳು, ತೇಲುವ ಕಿಟಕಿಗಳು, ನೆರಳುಗಳು ಎಂದು ಹೊಸ ಆವೃತ್ತಿಯ ಅಲಂಕಾರ ಹೆಚ್ಚಿದಂತೆ ಇಂಥ ಪದರಗಳೂ ಹೆಚ್ಚುತ್ತವೆ. ಸಿಸ್ಟಂ ತನಗಾಗಿ ತೆಗೆದಿಟ್ಟುಕೊಳ್ಳುವ ಪಾಲು ಬೆಳೆದಷ್ಟೂ ನಮ್ಮ ಆ್ಯಪ್‌ಗಳಿಗೆ ಉಳಿಯುವುದು ಕಡಿಮೆಯಾಗುತ್ತದೆ.

ಜಾಗ ಸಾಲದೆ ಹೋದಾಗ ಏನಾಗುತ್ತದೆ ಎಂಬುದೇ ಈ ದೂರಿನ ತಿರುಳು. ಮನೆಯ ಕಂಪ್ಯೂಟರ್ ಆಗಿದ್ದರೆ ಬಳಸದ ಭಾಗವನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ವಾಪಸ್ ತರುತ್ತಿತ್ತು. ಬಹುತೇಕ ಐಪ್ಯಾಡ್‌ಗಳಲ್ಲಿ ಆ ದಾರಿ ಇಲ್ಲ; 2022ರ ಐಪ್ಯಾಡ್‌ಓಎಸ್ 16ರಲ್ಲಿ ಎಂ1 ಚಿಪ್ ಇರುವ ಆಯ್ದ ಮಾದರಿಗಳಿಗೆ ಮಾತ್ರ ಅದನ್ನು ತೆರೆಯಲಾಯಿತು. ಉಳಿದವುಗಳಲ್ಲಿ ಸಿಸ್ಟಂ ಮೊದಲು ಮೆಮೊರಿಯಲ್ಲಿರುವುದನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಆ್ಯಪ್‌ಗಳಿಗೆ ಜಾಗ ಬಿಡಿ ಎಂಬ ಎಚ್ಚರಿಕೆ ಕಳುಹಿಸುತ್ತದೆ, ಆಗಲೂ ಸಾಲದಿದ್ದರೆ ಹಿನ್ನೆಲೆಯಲ್ಲಿರುವ ಆ್ಯಪನ್ನು ನಮ್ಮನ್ನು ಕೇಳದೆ ಮುಚ್ಚಿಬಿಡುತ್ತದೆ. ಆಂಡ್ರಾಯ್ಡ್‌ನಲ್ಲೂ ಹೀಗೆಯೇ. ಅಲ್ಲಿ ಪ್ರತಿ ಆ್ಯಪ್‌ಗೂ ಒಂದು ಅಂಕವಿರುತ್ತದೆ: ಕಣ್ಣೆದುರು ತೆರೆದಿರುವುದಕ್ಕೆ 0, ಹಿನ್ನೆಲೆಯಲ್ಲಿ ಸುಮ್ಮನೆ ಕುಳಿತಿರುವುದಕ್ಕೆ 900 ಅಥವಾ ಅದಕ್ಕೂ ಮೇಲೆ. ಅಂಕ ಹೆಚ್ಚಿದ್ದದ್ದು ಮೊದಲು ಹೋಗುತ್ತದೆ. ಮುಚ್ಚಿದ ಆ್ಯಪ್‌ನ ಚಿತ್ರ ಮಾತ್ರ ಇತ್ತೀಚಿನ ಆ್ಯಪ್‌ಗಳ ಪಟ್ಟಿಯಲ್ಲಿ ಹಾಗೆಯೇ ಉಳಿದಿರುತ್ತದೆ; ಅದಕ್ಕಾಗಿಯೇ ಜನ ಅದು ಇನ್ನೂ ತೆರೆದಿದೆ ಎಂದು ನಂಬಿರುತ್ತಾರೆ, ಒತ್ತಿದಾಗ ಮೊದಲಿನಿಂದ ಶುರುವಾದರೆ ಗಾಬರಿಯಾಗುತ್ತಾರೆ.

ಯಾವಾಗ ಮುಚ್ಚಬೇಕು, ಯಾವುದನ್ನು ಮುಚ್ಚಬೇಕು ಎಂಬ ಈ ನಿಯಮಗಳೂ ಸಿಸ್ಟಮ್‌ನ ಭಾಗವೇ ಆಗಿರುವುದರಿಂದ ಅಪ್‌ಡೇಟ್‌ನೊಂದಿಗೆ ಅವೂ ಬದಲಾಗುತ್ತವೆ. ಹೀಗಾಗಿ ವರ್ಷದ ನಡುವೆ ಬರುವ ಸಣ್ಣ ಅಪ್‌ಡೇಟ್ ಕೂಡ ಆ್ಯಪ್‌ಗಳನ್ನು ಬೇಗ ಬೇಗ ಮುಚ್ಚುವಂತೆ ಮಾಡಬಹುದು. 2019ರ ಅಕ್ಟೋಬರ್ ಕೊನೆಯಲ್ಲಿ ಬಂದ ಐಫೋನಿನ ಐಓಎಸ್ ಮತ್ತು ಐಪ್ಯಾಡ್‌ಓಎಸ್ 13.2ರಲ್ಲಿ ಆದದ್ದು ಇದೇ. ಒಳ್ಳೆಯ ರ‍್ಯಾಮ್ ಇದ್ದ ಸಾಧನಗಳಲ್ಲೂ ಬ್ರೌಸರ್ ಪುಟಗಳು, ವಿಡಿಯೊ ಆ್ಯಪ್‌ಗಳು ಒಂದು ಸಂದೇಶ ಓದಿ ಬರುವಷ್ಟರಲ್ಲಿ ಮುಚ್ಚಿಹೋಗುತ್ತಿದ್ದವು. ನವೆಂಬರ್ 7ರಂದು ಬಂದ 13.2.2ರ ಟಿಪ್ಪಣಿಯಲ್ಲಿ, ಹಿನ್ನೆಲೆಯಲ್ಲಿರುವ ಆ್ಯಪ್‌ಗಳು ಅನಿರೀಕ್ಷಿತವಾಗಿ ಮುಚ್ಚುತ್ತಿದ್ದ ದೋಷವನ್ನು ಸರಿಪಡಿಸಲಾಗಿದೆ ಎಂದು ಆ್ಯಪಲ್ ತಾನೇ ಬರೆಯಿತು. ಆದ್ದರಿಂದ ದೊಡ್ಡ ಅಪ್‌ಡೇಟ್ ಬಂದ ದಿನವೇ ಹಾಕಿಕೊಳ್ಳುವುದಕ್ಕಿಂತ ಅದರ ಹಿಂದೆಯೇ ಬರುವ ಮೊದಲ ತಿದ್ದುಪಡಿಯನ್ನು ಕಾಯುವುದು ಒಳ್ಳೆಯದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಇನ್ನೊಂದು ಕಾರಣ ತಾತ್ಕಾಲಿಕವಾದದ್ದು. ಅಪ್‌ಡೇಟ್ ಮುಗಿದ ಮೇಲೆ ಟ್ಯಾಬ್ ಒಳಗೊಳಗೇ ಬಹಳ ಕೆಲಸ ಮಾಡುತ್ತಿರುತ್ತದೆ: ಹುಡುಕಾಟದ ಸೂಚಿಯನ್ನು ಹೊಸದಾಗಿ ಕಟ್ಟುವುದು, ಫೋಟೊಗಳನ್ನು ಮತ್ತೆ ಪರಿಶೀಲಿಸುವುದು, ಆಂಡ್ರಾಯ್ಡ್‌ನಲ್ಲಾದರೆ ಆ್ಯಪ್‌ಗಳನ್ನು ಹೊಸ ಆವೃತ್ತಿಗೆ ಹೊಂದಿಸಿ ಅಣಿಗೊಳಿಸುವುದು. ಇವುಗಳಲ್ಲಿ ಹೆಚ್ಚಿನವು ನಡೆಯುವುದು ಟ್ಯಾಬ್ ಚಾರ್ಜಿಗೆ ಹಾಕಿದ್ದು, ಯಾರೂ ಬಳಸದೆ ಇರುವಾಗ. ಮಳೆಗಾಲದಲ್ಲಿ ರಾತ್ರಿಯಿಡೀ ಕರೆಂಟ್ ಇಲ್ಲದ ಮನೆಗಳಲ್ಲಿ ಎರಡು ರಾತ್ರಿಗಳಲ್ಲಿ ಮುಗಿಯಬೇಕಾದ ಈ ಕೆಲಸ ವಾರಗಟ್ಟಲೆ ಎಳೆಯುತ್ತದೆ. ಅಂಥವರಿಗೆ ನಾನು ಮೊದಲು ಕೊಡುವ ಸಲಹೆ ದುರಸ್ತಿಯದ್ದಲ್ಲ: ಕರೆಂಟ್ ಇರುವ ಎರಡು ಮೂರು ರಾತ್ರಿ ಚಾರ್ಜಿಗೆ ಹಾಕಿ, ವೈಫೈ ಇದ್ದರೆ ಅದನ್ನೂ ಆನ್ ಮಾಡಿಟ್ಟು, ಆಮೇಲೂ ತೊಂದರೆ ಇದ್ದರೆ ಬನ್ನಿ ಎನ್ನುತ್ತೇನೆ.

ಇನ್ನು ನಮ್ಮ ಜಿಲ್ಲೆಯ ಮಾತು. ಬೆಂಗಳೂರಿನಲ್ಲಿ ಒಂದು ಪುಟ ಮತ್ತೆ ತೆರೆದುಕೊಂಡರೆ ಅದು ಎರಡು ಸೆಕೆಂಡಿನ ಕಿರಿಕಿರಿ. ಭಾಗಮಂಡಲದ ಕಡೆಯೋ ನಾಪೋಕ್ಲಿನ ಒಳಗಿನ ತೋಟದಲ್ಲೋ ಸಿಗ್ನಲ್ ಒಂದು ಗೆರೆ ಇರುವಲ್ಲಿ ಅದೇ ಪುಟ ತೆರೆದುಕೊಳ್ಳದೆಯೇ ಹೋಗಬಹುದು. ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು ತೋರಿಸಿದ ತೊಂದರೆಯನ್ನು ಇಲ್ಲಿ ಬಿಡಿಸಿ ಹೇಳಬೇಕು. ರೋಬಸ್ಟಾ ಕೊಯ್ಲಿನ ಸಮಯದಲ್ಲಿ ಸಂಜೆ ಹಣ್ಣು ತೂಗುವಾಗ ಯಾರು ಎಷ್ಟು ಕೆಜಿ ಕೊಯ್ದರು ಎಂಬುದನ್ನು ಅವರು ಬ್ರೌಸರ್‌ನಲ್ಲಿ ತೆರೆದ ಒಂದು ಫಾರ್ಮಿನಲ್ಲಿ ತುಂಬುತ್ತಿದ್ದರು. ನಡುವೆ ತೂಕದ ಮಾಪಕದ ಫೋಟೊ ತೆಗೆಯಲು ಕ್ಯಾಮೆರಾ ತೆರೆದು, ವಾಪಸ್ ಬರುವಷ್ಟರಲ್ಲಿ ಫಾರ್ಮ್ ಖಾಲಿ. ಅಪ್‌ಡೇಟ್‌ಗೆ ಮೊದಲು ಹೀಗಾಗುತ್ತಿರಲಿಲ್ಲ ಎಂದು ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕ್ಯಾಮೆರಾ ಮೆಮೊರಿಯನ್ನು ಬಹಳವಾಗಿ ಬೇಡುವ ಆ್ಯಪ್: 8 ಮೆಗಾಪಿಕ್ಸೆಲ್ ಚಿತ್ರವೊಂದನ್ನು ಪೂರ್ಣ ಬಣ್ಣದಲ್ಲಿ ಬಿಚ್ಚಿಟ್ಟುಕೊಳ್ಳಲು 32 ಎಂಬಿ ಬೇಕು, ಮತ್ತು ಒಂದು ಸ್ಪಷ್ಟ ಫೋಟೊಗಾಗಿ ಅದು ಹಲವು ಚಿತ್ರಗಳನ್ನು ಒಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ. ಮೊದಲು ಅಂಚಿನಲ್ಲಿ ನಿಂತಿದ್ದ ಲೆಕ್ಕ ಸಿಸ್ಟಮ್‌ನ ಪಾಲು ಹೆಚ್ಚಿದ್ದರಿಂದ ಅಂಚು ದಾಟಿತು. ಆಗ ಮುಚ್ಚಿಹೋದದ್ದು ಬ್ರೌಸರ್. ಫೋಟೊಗಳನ್ನೆಲ್ಲ ಮೊದಲು ತೆಗೆದುಕೊಂಡು, ಆಮೇಲೆ ಫಾರ್ಮ್ ತೆರೆದು, ಹತ್ತು ಹೆಸರಿಗೊಮ್ಮೆ ಸೇವ್ ಮಾಡುವ ಕ್ರಮಕ್ಕೆ ಅವರು ಬದಲಾದರು. ಒಂದು ರೂಪಾಯಿ ಖರ್ಚಿಲ್ಲದೆ ತೊಂದರೆ ನಿಂತಿತು. ಆದರೂ ಇಲ್ಲಿ ತಪ್ಪು ಬಳಸುವವರದ್ದು ಎಂದು ನಾನು ಒಪ್ಪುವುದಿಲ್ಲ. ಬರೆದದ್ದನ್ನು ಬರೆದ ಹಾಗೆಯೇ ಟ್ಯಾಬಿನೊಳಗೆ ಉಳಿಸಿಕೊಳ್ಳುವ ಅವಕಾಶ ಆಂಡ್ರಾಯ್ಡ್, ಐಪ್ಯಾಡ್ ಎರಡರಲ್ಲೂ ಆ್ಯಪ್ ಬರೆಯುವವರಿಗೆ ಇದೆ, ಬ್ರೌಸರ್ ಪುಟಗಳಿಗೂ ಇದೆ. ಅದನ್ನು ಬಳಸದೆ ಕೂಲಿಯ ಲೆಕ್ಕದಂಥ ಮಾಹಿತಿಯನ್ನು ಗಾಳಿಯಲ್ಲಿ ಬಿಡುವುದು ಬೇಜವಾಬ್ದಾರಿ.

ಅನುಮಾನವಿದ್ದರೆ ಕಾರಣವನ್ನು ಯಾರು ಬೇಕಾದರೂ ಕಣ್ಣಾರೆ ನೋಡಬಹುದು. ಐಪ್ಯಾಡಿನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಅನಲಿಟಿಕ್ಸ್ ಆ್ಯಂಡ್ ಇಂಪ್ರೂವ್‌ಮೆಂಟ್ಸ್, ಅದರೊಳಗೆ ಅನಲಿಟಿಕ್ಸ್ ಡೇಟಾ ತೆರೆದರೆ 'ಜೆಟ್ಸಮ್ ಇವೆಂಟ್' ಎಂದು ಶುರುವಾಗಿ ತಾರೀಖು ಇರುವ ಕಡತಗಳು ಕಾಣುತ್ತವೆ. ಮೆಮೊರಿ ಸಾಲದೆ ಆ್ಯಪ್‌ಗಳನ್ನು ಮುಚ್ಚಿದ ದಾಖಲೆ ಅದು. ಅದರ ಮೇಲ್ಭಾಗದಲ್ಲಿ 'ಲಾರ್ಜೆಸ್ಟ್ ಪ್ರೊಸೆಸ್' ಎಂಬಲ್ಲಿ ಆ ಹೊತ್ತಿಗೆ ಹೆಚ್ಚು ಜಾಗ ಹಿಡಿದಿದ್ದ ಆ್ಯಪ್‌ನ ಹೆಸರಿರುತ್ತದೆ, ಕೆಳಗೆ ಒಂದೊಂದರ ಮುಂದೆ 'ಆರ್‌ಪೇಜಸ್' ಎಂಬ ಸಂಖ್ಯೆ ಇರುತ್ತದೆ. ಅದು ಆ ಆ್ಯಪ್ ಹಿಡಿದಿರುವ ಮೆಮೊರಿಯ ತುಣುಕುಗಳ, ಅಂದರೆ 'ಪುಟ'ಗಳ ಲೆಕ್ಕ; ಅದನ್ನು ಒಂದು ಪುಟದ ಗಾತ್ರವಾದ 16,384 ಬೈಟ್‌ನಿಂದ ಗುಣಿಸಬೇಕು: 50,000 ಎಂದಿದ್ದರೆ ಅದು ಸುಮಾರು 820 ಎಂಬಿ. 3 ಜಿಬಿ ಟ್ಯಾಬಿನಲ್ಲಿ ಒಂದೇ ಆ್ಯಪ್ ಇಷ್ಟು ಹಿಡಿದಿದೆ ಎಂದರೆ ಬೇರೆಯವು ಮುಚ್ಚಿಹೋಗದೆ ಗತಿಯಿಲ್ಲ. ಆಂಡ್ರಾಯ್ಡ್‌ನಲ್ಲಿ ಡೆವಲಪರ್ ಆಪ್ಷನ್ಸ್ (ಆ್ಯಪ್ ಬರೆಯುವವರಿಗೆಂದು ಇರುವ, ಸಾಮಾನ್ಯವಾಗಿ ಮರೆಯಲ್ಲಿರುವ ಸೆಟ್ಟಿಂಗ್ಸ್) ಒಳಗಿನ ಮೆಮೊರಿ ಪುಟ ಕಳೆದ ಕೆಲವು ಗಂಟೆಗಳ ಸರಾಸರಿ ಬಳಕೆಯನ್ನು ತೋರಿಸುತ್ತದೆ. ಅಪ್‌ಡೇಟ್‌ಗೆ ಮೊದಲು ಒಮ್ಮೆ, ಆದ ಒಂದು ವಾರದ ಮೇಲೆ ಇನ್ನೊಮ್ಮೆ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಊಹೆಗೆ ಅವಕಾಶವೇ ಇರುವುದಿಲ್ಲ.

ಜನ ತಾವಾಗಿಯೇ ಮಾಡಿಕೊಳ್ಳುವ ಚಿಕಿತ್ಸೆಗಳಲ್ಲಿ ಕೆಲವು ತೊಂದರೆಯನ್ನು ಹೆಚ್ಚಿಸುತ್ತವೆ. 'ರ‍್ಯಾಮ್ ಬೂಸ್ಟರ್', 'ಕ್ಲೀನರ್' ಎಂಬ ಆ್ಯಪ್‌ಗಳನ್ನು ಕಂಡ ಕೂಡಲೇ ತೆಗೆದುಹಾಕಿ. ಇತರ ಆ್ಯಪ್‌ಗಳನ್ನು ಮುಚ್ಚುವುದೇ ಅವುಗಳ ಕೆಲಸ, ನಮ್ಮ ದೂರೂ ಅದೇ ತಾನೆ? ಪ್ರತಿ ಸಲ ಎಲ್ಲ ಆ್ಯಪ್‌ಗಳನ್ನೂ ಮೇಲಕ್ಕೆ ಸರಿಸಿ ಮುಚ್ಚುವ ಅಭ್ಯಾಸವೂ ಹೀಗೆಯೇ. ಆ್ಯಪ್ ಸ್ಪಂದಿಸದೆ ನಿಂತಾಗ ಮಾತ್ರ ಹಾಗೆ ಮುಚ್ಚಿ ಎಂಬುದು ಆ್ಯಪಲ್‌ನ ಸಲಹೆ ಕೂಡ. ಡಬ್ಬದ ಮೇಲಿನ '4+4 ಜಿಬಿ' ಎಂಬ ಬರಹವನ್ನು ನೋಡಿ 8 ಜಿಬಿ ಎಂದು ತಿಳಿಯಬಾರದು. ಎರಡನೆಯ ನಾಲ್ಕು ಸ್ಟೋರೇಜ್‌ನಿಂದ ಎರವಲು ತೆಗೆದದ್ದು, ಅಗ್ಗದ ಟ್ಯಾಬ್‌ಗಳಲ್ಲಿ ಆ ಸ್ಟೋರೇಜ್ ರ‍್ಯಾಮ್‌ಗಿಂತ ಬಹಳ ನಿಧಾನ.

ನಿಜವಾಗಿ ನೆರವಾಗುವ ಕ್ರಮಗಳು ಸಾದಾ ಆದವು. ಬೇಡದ ವಿಜೆಟ್‌ಗಳನ್ನು, ತೇಲುವ ಕಿಟಕಿಗಳನ್ನು ತೆಗೆಯಬೇಕು. ಬ್ರೌಸರ್‌ನಲ್ಲಿ ನಲವತ್ತು ಪುಟ ತೆರೆದಿಡುವುದನ್ನು ಬಿಡಬೇಕು. ಸ್ಟೋರೇಜ್‌ನಲ್ಲಿ ಹತ್ತರಲ್ಲಿ ಒಂದು ಪಾಲಾದರೂ ಖಾಲಿ ಇರಬೇಕು. ಆಂಡ್ರಾಯ್ಡ್‌ನಲ್ಲಿ ಅಪ್‌ಡೇಟ್ ಆದ ಮೇಲೆ ಬ್ಯಾಟರಿ ಸೆಟ್ಟಿಂಗ್ಸ್ ಒಮ್ಮೆ ನೋಡಿ, ದಿನವೂ ಬೇಕಾದ ಆ್ಯಪ್ ನಿರ್ಬಂಧದ ಪಟ್ಟಿಗೆ ಸೇರಿದ್ದರೆ ಹೊರಗೆ ತೆಗೆಯಿರಿ. ಸ್ಯಾಮ್‌ಸಂಗ್ ಟ್ಯಾಬ್‌ಗಳಲ್ಲಿ ಇದು 'ಸ್ಲೀಪಿಂಗ್ ಆ್ಯಪ್ಸ್' ಎಂಬ ಹೆಸರಿನಲ್ಲಿರುತ್ತದೆ. ಹೋಂಸ್ಟೇ ನಡೆಸುವವರು ಅತಿಥಿಗಳ ವಿವರಕ್ಕೆ ಬ್ರೌಸರ್ ಪುಟದ ಬದಲು ನೆಟ್ ಇಲ್ಲದೆಯೂ ಉಳಿಸಿಕೊಳ್ಳುವ ಆ್ಯಪ್ ಆರಿಸಿಕೊಳ್ಳಲಿ. ಆರಿಸುವಾಗ ಏರೋಪ್ಲೇನ್ ಮೋಡ್ ಹಾಕಿ, ನಾಲ್ಕು ಸಾಲು ಬರೆದು, ಕ್ಯಾಮೆರಾ ತೆರೆದು ಬಂದು ನೋಡಿದರೆ ಪರೀಕ್ಷೆ ಮುಗಿಯಿತು.

ಹಾಗಾದರೆ ಅಪ್‌ಡೇಟ್ ಹಾಕುವುದೇ ಬೇಡವೇ ಎಂದು ಕೇಳುವವರಿದ್ದಾರೆ. ಹಣದ ವ್ಯವಹಾರ ನಡೆಯುವ ಟ್ಯಾಬಿನಲ್ಲಿ ಭದ್ರತಾ ಅಪ್‌ಡೇಟ್‌ಗಳನ್ನು ಬಿಡಲೇಬಾರದು. ಅವು ಸಾಮಾನ್ಯವಾಗಿ ಚಿಕ್ಕವು, ಮೆಮೊರಿಯ ಲೆಕ್ಕವನ್ನು ಅಷ್ಟಾಗಿ ಕೆಡಿಸುವುದಿಲ್ಲ. ಯೋಚಿಸಬೇಕಾದದ್ದು ಆವೃತ್ತಿಯ ಸಂಖ್ಯೆಯೇ ಬದಲಾಗುವ ವಾರ್ಷಿಕ ಅಪ್‌ಡೇಟ್ ವಿಷಯದಲ್ಲಿ. ಐಪ್ಯಾಡಿನಲ್ಲಿ ಹಳೆಯ ಆವೃತ್ತಿಗೆ ಆ್ಯಪಲ್ ಒಪ್ಪಿಗೆ ಕೊಡುವುದನ್ನು ಕೆಲ ಸಮಯದಲ್ಲೇ ನಿಲ್ಲಿಸುತ್ತದೆ, ಆಮೇಲೆ ಹಿಂದಕ್ಕೆ ಹೋಗಲಾಗದು. ಹಲವು ಆಂಡ್ರಾಯ್ಡ್ ಟ್ಯಾಬ್‌ಗಳಲ್ಲೂ ಹಿಂದಿರುಗುವುದಕ್ಕೆ ತಡೆಯಿದೆ. 2 ಅಥವಾ 3 ಜಿಬಿ ರ‍್ಯಾಮ್ ಇರುವ ಟ್ಯಾಬ್ ನಿಮ್ಮದಾಗಿದ್ದು ಹಳೆಯ ಆವೃತ್ತಿಗೆ ಭದ್ರತಾ ತಿದ್ದುಪಡಿಗಳು ಇನ್ನೂ ಬರುತ್ತಿದ್ದರೆ, ಕೊಯ್ಲು ಮುಗಿಯುವವರೆಗೆ ದೊಡ್ಡ ಅಪ್‌ಡೇಟನ್ನು ಮುಂದೂಡಿ. ಹೊಸದು ಕೊಳ್ಳುವವರು ಸ್ಟೋರೇಜ್‌ಗೆ ಕೊಡುವ ಹೆಚ್ಚಿನ ಹಣವನ್ನು ರ‍್ಯಾಮ್‌ಗೆ ಕೊಡುವುದು ಲೇಸು: ನಾಲ್ಕೈದು ವರ್ಷ ಬಳಸುವ ಉದ್ದೇಶವಿದ್ದರೆ ನಾನು 6 ಜಿಬಿಗಿಂತ ಕಡಿಮೆ ಇರುವುದನ್ನು ಸೂಚಿಸುವುದಿಲ್ಲ. ಆ್ಯಪಲ್‌ನ ಎಐ ಸೌಲಭ್ಯವಾದ ಆ್ಯಪಲ್ ಇಂಟೆಲಿಜೆನ್ಸ್ ಸಿಗುವ ಐಪ್ಯಾಡ್‌ಗಳಲ್ಲೆಲ್ಲ ಕನಿಷ್ಠ 8 ಜಿಬಿ ಇರುವುದನ್ನು ನೋಡಿದರೆ, ಮುಂದಿನ ಅಪ್‌ಡೇಟ್‌ಗಳ ಹಸಿವು ಯಾವ ಮಟ್ಟದ್ದೆಂದು ಅಂದಾಜಾಗುತ್ತದೆ.